ಕಡತದಿಂದ ಎದ್ದು ಬಂದ ನಟ

ರಂಗದ ಮೇಲೊಂದು ತಿಗರಿ. ಅದರ ಮುಂದೆ ಬಿಳಿ ಗಡ್ಡದ, ಕೆದರಿದ ಬಿಳಿ ಕೂದಲಿನ ಕುಳ್ಳ ಮುದುಕ. ತಿಗರಿ ತಿರುಗುತ್ತದೆ, ಮಣ್ಣು ಅವನ ಅಂಗೈ ನಡುವೆ ಮೆಲ್ಲಗೆ ಮೇಲೇಳುತ್ತದೆ. ಹಿಂದಿನ ಪರದೆಯಲ್ಲಿ ಅದೇ ಮುದುಕ, ವಯಸ್ಸು ತುಸು ಕಡಿಮೆ, ತೋಳಿಗೆ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದಾನೆ. ಅದು ಸಾಕ್ಷ್ಯಚಿತ್ರದ ದೃಶ್ಯ, ನಟನೆಯಲ್ಲ. ಪರದೆಯ ಮೇಲಿರುವವನನ್ನು ರಂಗದ ಮೇಲಿರುವವನು ಒಮ್ಮೆಯೂ ಅಲ್ಲಗಳೆಯುವುದಿಲ್ಲ. ತನ್ನ ಪಾಡಿಗೆ ಮಡಕೆ ಮಾಡುತ್ತಿರುತ್ತಾನೆ.

2010ರ ಮೆಲ್ಬರ್ನ್ ಉತ್ಸವದಲ್ಲಿ ಮೊದಲು ಪ್ರದರ್ಶನಗೊಂಡ ಈ ನಾಟಕದ ಹೆಸರು ‘ಜ್ಯಾಕ್ ಚಾರ್ಲ್ಸ್ ವರ್ಸಸ್ ದಿ ಕ್ರೌನ್’. ಆಸ್ಟ್ರೇಲಿಯದಲ್ಲಿ ಗಂಭೀರ ಅಪರಾಧದ ಮೊಕದ್ದಮೆಗಳು ಕಿರೀಟದ, ಅಂದರೆ ರಾಜಪ್ರಭುತ್ವದ, ಹೆಸರಲ್ಲಿ ನಡೆಯುತ್ತವೆ. ವಾದಿ ಕಿರೀಟ, ಪ್ರತಿವಾದಿ ಆರೋಪಿ. ಜ್ಯಾಕ್ ಚಾರ್ಲ್ಸ್ ಎಂಬ ನಟ ಆ ಸಾಲನ್ನು ತಿರುವಿ ಹಾಕಿದರು. ಇಲ್ಲಿ ದಾವೆ ಹೂಡಿದವರು ಅವರು, ಕಟಕಟೆಯಲ್ಲಿರುವುದು ಕಿರೀಟ. ಬೇಡಿಕೆ ಒಂದೇ: ನನ್ನ ಅಪರಾಧದ ಪಟ್ಟಿಯನ್ನು ಅಳಿಸಿಹಾಕಿ.

ಆಸ್ಟ್ರೇಲಿಯದ ರಂಗಭೂಮಿಯಲ್ಲೂ ಟೀವಿಯಲ್ಲೂ ಐದು ದಶಕ ಕಾಣಿಸಿಕೊಂಡ, ಅಲ್ಲಿನ ಮೂಲನಿವಾಸಿ ರಂಗಭೂಮಿಯ ಪಿತಾಮಹ ಎನಿಸಿಕೊಂಡ ಈ ನಟನ ಬದುಕನ್ನು ಹೇಳುವವರೆಲ್ಲ ಒಂದೇ ದಾರಿ ಹಿಡಿಯುತ್ತಾರೆ: ಅನಾಥ ಹುಡುಗ ಕಳ್ಳನಾದ, ವ್ಯಸನಿಯಾದ, ಜೈಲು ಸೇರಿದ, ಕಲೆ ಅವನನ್ನು ಉದ್ಧರಿಸಿತು. ಕಥೆ ಸುಳ್ಳಲ್ಲ. ಆದರೆ ಹೀಗೆ ಹೇಳಿದಾಗ ಸರ್ಕಾರ ಎಂಬ ಪಾತ್ರಧಾರಿ ಸದ್ದಿಲ್ಲದೆ ನೇಪಥ್ಯಕ್ಕೆ ಸರಿದುಬಿಡುತ್ತದೆ. ಜ್ಯಾಕ್ ಮಾತು ಕಲಿತು ಆಡುವ ಮೊದಲೇ ಅವರ ಬಗ್ಗೆ ಸರ್ಕಾರ ಬರೆಯತೊಡಗಿತ್ತು. ಎಲ್ಲಿಗೆ ಒಯ್ಯಬೇಕು, ಯಾರ ವಶಕ್ಕೆ ಕೊಡಬೇಕು, ಯಾವ ಕಲಮಿನಡಿ ಹಿಡಿಯಬೇಕು ಎಂದು ಕಡತ ಬೆಳೆಯುತ್ತಲೇ ಹೋಯಿತು. ಆ ಕಡತವನ್ನು ಕಸಿದುಕೊಂಡು ಅದನ್ನೇ ನಾಟಕ ಮಾಡಿ ಓದಿದ್ದು ಜ್ಯಾಕ್ ಚಾರ್ಲ್ಸ್ ಅವರ ದೊಡ್ಡ ಸಾಧನೆ ಎಂದು ನನ್ನ ಎಣಿಕೆ.

1943ರ ಸೆಪ್ಟೆಂಬರ್ 5ರಂದು ಮೆಲ್ಬರ್ನ್‌ನ ಆಸ್ಪತ್ರೆಯೊಂದರಲ್ಲಿ ಹುಟ್ಟಿದಾಗ ಅವರ ತಾಯಿ ಬ್ಲಾಂಚ್ ಇನ್ನೂ ಹದಿಹರೆಯದ ಹುಡುಗಿ. ಕುಟುಂಬದ ನಂಟು ಮರ್ರೆ ನದಿ ದಂಡೆಯ ಕಮೆರಗುಂಜ ಎಂಬ ಮೂಲನಿವಾಸಿ ವಸತಿಯದು. ಈ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮ್ಯಾನೇಜರನ ದಬ್ಬಾಳಿಕೆ, ಅರೆಹೊಟ್ಟೆಯ ಪಡಿತರ ತಾಳಲಾರದೆ 1939ರ ಫೆಬ್ರುವರಿಯಲ್ಲಿ ಇಲ್ಲಿನ ಸುಮಾರು ಇನ್ನೂರು ಜನ ಗಂಟುಮೂಟೆ ಕಟ್ಟಿಕೊಂಡು ನದಿ ದಾಟಿ ಪಕ್ಕದ ವಿಕ್ಟೋರಿಯ ರಾಜ್ಯಕ್ಕೆ ನಡೆದುಬಿಟ್ಟರು. ಆಸ್ಟ್ರೇಲಿಯದ ಮೂಲನಿವಾಸಿ ಹೋರಾಟದ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ಮುಂದೆ ದಕ್ಷಿಣ ಆಸ್ಟ್ರೇಲಿಯದ ರಾಜ್ಯಪಾಲರಾದ ಡಗ್ ನಿಕೋಲ್ಸ್ ಇದೇ ಊರಿನವರು. ಬಾಯಿ ಮುಚ್ಚಿಕೊಂಡು ಇರುವ ಊರಲ್ಲ ಅದು.

ಜ್ಯಾಕ್ ಕೆಲವೇ ತಿಂಗಳ ಕೂಸಾಗಿದ್ದಾಗ ಅಧಿಕಾರಿಗಳು ತಾಯಿಯಿಂದ ಎತ್ತಿಕೊಂಡು ಹೋದರು. ಆ ಕಾಲಕ್ಕೆ ಇದು ಅಪವಾದವಲ್ಲ, ಪದ್ಧತಿ. ಮೂಲನಿವಾಸಿ ಮಕ್ಕಳನ್ನು, ಅದರಲ್ಲೂ ಬಿಳಿ ರಕ್ತ ಬೆರೆತಿದೆ ಎಂದು ಕಂಡ ಮಕ್ಕಳನ್ನು, ಬಿಳಿಯರ ನಡುವೆ ಬೆಳೆಸಿದರೆ ಒಂದೆರಡು ತಲೆಮಾರಿನಲ್ಲಿ ಆ ಜನಾಂಗವೇ ಕರಗಿಹೋಗುತ್ತದೆ ಎಂಬ ಲೆಕ್ಕ ಸರ್ಕಾರದ್ದು. ಹತ್ತೊಂಬತ್ತನೆಯ ಶತಮಾನದ ಕಾನೂನುಗಳಿಂದ ಹಿಡಿದು 1970ರ ದಶಕದವರೆಗೂ ಇದು ನಡೆಯಿತು. ‘ಕದ್ದೊಯ್ದ ತಲೆಮಾರು’ ಎಂದು ಇಂದು ಕರೆಯುವುದು ಈ ಮಕ್ಕಳನ್ನೇ. 1997ರ ರಾಷ್ಟ್ರೀಯ ವಿಚಾರಣಾ ವರದಿ ಅವರ ನೋವನ್ನು ದಾಖಲಿಸಿತು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಆ ಹೊತ್ತಿಗೆ ಜ್ಯಾಕ್‌ಗೆ ಅರವತ್ತನಾಲ್ಕು ವಯಸ್ಸು.

ಬಾಲ್ಯವೆಲ್ಲ ಮೆಲ್ಬರ್ನ್‌ನ ಹೊರವಲಯದ ಬಾಕ್ಸ್ ಹಿಲ್‌ನಲ್ಲಿ, ಸಾಲ್ವೇಶನ್ ಆರ್ಮಿ ನಡೆಸುತ್ತಿದ್ದ ಹುಡುಗರ ಆಶ್ರಮದಲ್ಲಿ ಕಳೆಯಿತು. ಅಲ್ಲಿ ಅವರನ್ನು ಬಿಟ್ಟರೆ ಬೇರೆ ಮೂಲನಿವಾಸಿ ಹುಡುಗರಿರಲಿಲ್ಲ ಎಂದು ಅವರು ನೆನಪಿಸಿಕೊಂಡಿದ್ದಾರೆ. ನೀನು ಅನಾಥ ಎಂದು ಹೇಳಿ ಬೆಳೆಸಿದರು. ತಾಯಿ ಬದುಕಿದ್ದಳು, ಒಡಹುಟ್ಟಿದವರಿದ್ದರು, ಅವರೂ ಇದೇ ರೀತಿ ದಿಕ್ಕಾಪಾಲಾಗಿದ್ದರು. ಹೊಡೆತ ತಿಂದರು. ಲೈಂಗಿಕ ದೌರ್ಜನ್ಯಕ್ಕೂ ಗುರಿಯಾದರು. ಇದನ್ನು ಅವರು ಮುಂದೆ ರಂಗದ ಮೇಲೆ, ಪುಸ್ತಕದಲ್ಲಿ, ಆಯೋಗದ ಮುಂದೆ, ಎಲ್ಲ ಕಡೆ ದನಿ ನಡುಗಿಸದೆ ಹೇಳಿದರು.

ಹದಿನಾಲ್ಕಕ್ಕೆ ಸಾಕುತಾಯಿಯ ಮನೆ. ಗಾಜಿನ ಅಂಚು ಉಜ್ಜಿ ನಯಗೊಳಿಸುವ ಕಾರ್ಖಾನೆಯಲ್ಲಿ ಕೆಲಸ. ಹದಿನೇಳರಲ್ಲಿ ಒಂದು ಸಂಬಳದ ದಿನ, ತನ್ನಂಥವರು ಅಲ್ಲಿ ಇದ್ದಾರಂತೆ ಎಂದು ಕೇಳಿ, ಫಿಟ್ಜ್‌ರಾಯ್‌ಗೆ ಹೋದರು. ಇಂದು ಕಾಫಿ ಅಂಗಡಿಗಳಿಂದ ಥಳಥಳಿಸುವ ಈ ಬಡಾವಣೆ ಆಗ ಬಡವರದು, ನಗರದ ಮೂಲನಿವಾಸಿಗಳು ಸೇರುವ ತಾಣ. ಮುಖ ನೋಡಿದೊಡನೆ ಅಲ್ಲಿದ್ದವರು ಗುರುತು ಹಿಡಿದರು: ನೀನು ಬ್ಲಾಂಚಳ ಮಗನಲ್ಲವೇ? ನಿನ್ನಮ್ಮ ಸ್ವಾನ್ ಹಿಲ್‌ನಲ್ಲಿದ್ದಾಳೆ. ಹದಿನೇಳು ವರ್ಷದ ಅನಾಥ ಒಂದೇ ಸಂಜೆಯಲ್ಲಿ ಅನಾಥನಲ್ಲದವನಾದ. ಕುಣಿದಾಡುತ್ತಾ ಮನೆಗೆ ಬಂದು ಸಾಕುತಾಯಿಗೆ ಸುದ್ದಿ ಹೇಳಿದರೆ ಜಗಳ ಹತ್ತಿತು, ಪೊಲೀಸರು ಬಂದರು, ಹುಡುಗನನ್ನು ಟುರಾನ ಎಂಬ ಬಾಲಬಂಧನ ಕೇಂದ್ರಕ್ಕೆ ಸಾಗಿಸಿದರು. ತಾಯಿಯನ್ನು ಕಣ್ಣಾರೆ ಕಂಡಾಗ ಅವರಿಗೆ ಹತ್ತೊಂಬತ್ತು.

ಕಡತ ಶುರುವಾದದ್ದು ಮಾತ್ರ ಇದಕ್ಕೂ ಬಹಳ ಮೊದಲೇ. ವಿಕ್ಟೋರಿಯದಲ್ಲಿ ಮಗುವನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಳ್ಳುವಾಗ ಮಕ್ಕಳ ನ್ಯಾಯಾಲಯದ ಮುಂದೆ ಒಯ್ಯುತ್ತಿದ್ದರು. ‘ಪಾಲನೆ ಬೇಕಾದ ಮಗು’ ಎಂಬುದೇ ಒಂದು ಆರೋಪದ ರೂಪ ತಾಳಿ ದಾಖಲೆಗೆ ಸೇರುತ್ತಿತ್ತು. ತೊಟ್ಟಿಲ ಕೂಸುಗಳು ಮುಂದೆ ದೊಡ್ಡವರಾಗಿ ನ್ಯಾಯಾಧೀಶರ ಮುಂದೆ ನಿಂತಾಗ ಆ ಸಾಲೂ ಅಪರಾಧದ ಪಟ್ಟಿಯಲ್ಲಿ ಕಾಣಿಸಿಕೊಂಡ ಉದಾಹರಣೆಗಳಿವೆ. ವಿಕ್ಟೋರಿಯ ಅದನ್ನು ಕಾನೂನಿನ ಮೂಲಕ ಸರಿಪಡಿಸಿದ್ದು 2018ರಲ್ಲಿ.

ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗನನ್ನು ರಂಗಕ್ಕೆ ಎಳೆದದ್ದು ಮೆಲ್ಬರ್ನ್‌ನ ನ್ಯೂ ಥಿಯೇಟರ್. ಎಡಪಂಥೀಯರ ಹವ್ಯಾಸಿ ತಂಡ ಅದು. ಅಮೆರಿಕದ ಕಪ್ಪು ಜನರ, ದಕ್ಷಿಣ ಆಫ್ರಿಕದ ವರ್ಣಭೇದದ ನಾಟಕಗಳನ್ನು ಆಡಬಯಸಿದವರಿಗೆ ಕಪ್ಪು ನಟರು ಬೇಕಿತ್ತು. ಮೊದಲ ಅರ್ಹತೆ ಚರ್ಮದ ಬಣ್ಣವೇ ಆಗಿದ್ದರೂ ಒಳಗೆ ಕಾಲಿಟ್ಟ ಮೇಲೆ ಗೊತ್ತಾದದ್ದು ಬೇರೆ. ಐದಡಿಯ ಆಸುಪಾಸಿನ ಆ ದೇಹದೊಳಗಿನಿಂದ ಬರುತ್ತಿದ್ದ ದನಿ ಆಳವಾದದ್ದು, ಸ್ಪಷ್ಟವಾದದ್ದು, ಒಂದೊಂದು ಅಕ್ಷರವನ್ನೂ ಸವಿದು ಬಿಡುವಂಥದ್ದು. ಆಶ್ರಮದಲ್ಲಿ ಬಿಳಿಯರಂತೆ ಮಾತಾಡಲು ತಿದ್ದಿ ತೀಡಿದ ಇಂಗ್ಲಿಷ್ ಅದು. ಅವರಿಂದ ಒಂದು ಭಾಷೆಯನ್ನು ಕಿತ್ತುಕೊಂಡವರು ಇನ್ನೊಂದನ್ನು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಜ್ಯಾಕ್ ಬಾಯಲ್ಲಿ ಅದು ಶೇಕ್ಸ್‌ಪಿಯರ್ ನಟರಿಗೇ ಸವಾಲೆಸೆಯುವಂತಿತ್ತು. ಜೈಲಿನಲ್ಲೂ ಬೀದಿಯಲ್ಲೂ ಕಳೆದ ವರ್ಷಗಳು ಆ ದನಿಯನ್ನು ಕೆಡಿಸಲಿಲ್ಲ. ಇದೊಂದು ಸೋಜಿಗ.

1971ರಲ್ಲಿ ಅವರೂ ಬಾಬ್ ಮಾಜಾ ಎಂಬ ನಟರೂ ಸೇರಿ ನಿಂಡೆತಾನ ಎಂಬ ತಂಡ ಕಟ್ಟಿದರು. ಆಸ್ಟ್ರೇಲಿಯದ ಮೊದಲ ಮೂಲನಿವಾಸಿ ನಾಟಕ ತಂಡ ಎಂದು ಚರಿತ್ರೆ ಅದನ್ನು ಗುರುತಿಸುತ್ತದೆ. ಜಾಗ ಕೊಟ್ಟದ್ದು ಕಾರ್ಲ್ಟನ್‌ನ ಪ್ರಾಮ್ ಫ್ಯಾಕ್ಟರಿ. ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಮಕ್ಕಳ ತಳ್ಳುಗಾಡಿ ತಯಾರಾಗುತ್ತಿದ್ದ ಕಟ್ಟಡ. ಆಗ ಅದು ಹೊಸ ಅಲೆಯ ನಾಟಕಕಾರರ ಅಡ್ಡೆಯಾಗಿತ್ತು. ಬಾಬ್ ಮಾಜಾ ಟೀವಿಯ ‘ಬೆಲ್‌ಬರ್ಡ್’ ಧಾರಾವಾಹಿಯಿಂದ ಮನೆಮಾತಾಗಿದ್ದವರು, ಸಂಘಟಕರು, ಚಳವಳಿಗಾರರು. ಜ್ಯಾಕ್ ಸಂಘಟನೆಗೆ ಒಗ್ಗುವ ಆಸಾಮಿಯಲ್ಲ. ಆದರೆ ರಂಗಕ್ಕೆ ಬಂದರೆಂದರೆ ಕಣ್ಣು ಬೇರೆಡೆ ಹೋಗುತ್ತಿರಲಿಲ್ಲ. 1972ರಲ್ಲಿ ಹೆಸರು ಮಾಡಿದ ತಂಡದ ಪ್ರಯೋಗದ ಶೀರ್ಷಿಕೆಯಲ್ಲೇ ಅವರಿದ್ದರು: ‘ಜ್ಯಾಕ್ ಚಾರ್ಲ್ಸ್ ಈಸ್ ಅಪ್ ಅಂಡ್ ಫೈಟಿಂಗ್’. ಬಿಳಿಯರ ಸಮಾಜದೊಳಗೆ ಕರಗಿಹೋಗಬೇಕೋ, ನಮ್ಮ ಪಾಡಿಗೆ ನಾವು ನಿಲ್ಲಬೇಕೋ ಎಂಬುದೇ ಅದರ ಹೂರಣ. ಇದಕ್ಕೆ ಐದೇ ವರ್ಷ ಮೊದಲು, 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತ ಬಿದ್ದ ಬಳಿಕವಷ್ಟೇ, ಮೂಲನಿವಾಸಿಗಳನ್ನು ದೇಶದ ಜನಸಂಖ್ಯೆಯ ಲೆಕ್ಕದಿಂದ ಹೊರಗಿಡುತ್ತಿದ್ದ ಸಂವಿಧಾನದ ಕಲಮು ಬಿದ್ದುಹೋಗಿತ್ತು. ಆ ಹಿನ್ನೆಲೆಯಲ್ಲಿ ನೋಡಿದರೆ ನಾಟಕದ ಪ್ರಶ್ನೆಯ ಬಿಸಿ ಎಷ್ಟಿತ್ತೆಂದು ತಿಳಿಯುತ್ತದೆ.

ನಿಂಡೆತಾನ ಕೈಗೆತ್ತಿಕೊಂಡ ಇನ್ನೊಂದು ನಾಟಕ ಕೆವಿನ್ ಗಿಲ್ಬರ್ಟ್ ಅವರ ‘ದಿ ಚೆರಿ ಪಿಕರ್ಸ್’. ಗಿಲ್ಬರ್ಟ್ ಅದನ್ನು ಬರೆದದ್ದು ಜೈಲಿನಲ್ಲಿ. ಮೂಲನಿವಾಸಿ ನಾಟಕ ಸಾಹಿತ್ಯದ ಮೊದಲ ಹೆಜ್ಜೆಗಳಲ್ಲೊಂದು ಸೆರೆಮನೆಯ ಕಾಗದದ ಮೇಲೆ ಬಿದ್ದದ್ದು ಕೇವಲ ಆಕಸ್ಮಿಕವಲ್ಲ. ಆಸ್ಟ್ರೇಲಿಯದ ಜನಸಂಖ್ಯೆಯಲ್ಲಿ ಶೇ 4ನ್ನೂ ಮುಟ್ಟದ ಮೂಲನಿವಾಸಿಗಳು ಇಂದಿಗೂ ಕೈದಿಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ.

ಇದೇ ಹೊತ್ತಿಗೆ ಜ್ಯಾಕ್ ಟೀವಿಯ ಬಾಗಿಲು ತಟ್ಟಿದರು. ಆರ್ಥರ್ ಅಪ್‌ಫೀಲ್ಡ್ ಬರೆದ ಜನಪ್ರಿಯ ಪತ್ತೇದಾರಿ ಕಾದಂಬರಿಗಳ ನಾಯಕ ಬೋನಿ, ಅರೆ ಮೂಲನಿವಾಸಿ ಪೊಲೀಸ್ ಇನ್‌ಸ್ಪೆಕ್ಟರ್. 1972ರಲ್ಲಿ ಅವನ ಕಥೆಗಳು ಧಾರಾವಾಹಿಯಾಗುತ್ತವೆ ಎಂದಾಗ ಜ್ಯಾಕ್ ಸೇರಿದಂತೆ ಹಲವು ಮೂಲನಿವಾಸಿ ನಟರು ಪರೀಕ್ಷೆ ಕೊಟ್ಟರು. ಪಾತ್ರ ಸಿಕ್ಕಿದ್ದು ಜೇಮ್ಸ್ ಲಾರೆನ್ಸನ್ ಎಂಬ ನ್ಯೂಜಿಲೆಂಡ್ ಮೂಲದ ಬಿಳಿಯ ನಟನಿಗೆ. ಮುಖಕ್ಕೆ ಕಂದು ಬಣ್ಣ ಬಳಿದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ನಮಗೆ ನೀಲಿಗಣ್ಣಿನವನು ಬೇಕು ಎಂದು ತಮಗೆ ಹೇಳಿದರೆಂದು ಜ್ಯಾಕ್ ನಗುತ್ತಾ ನೆನೆಯುತ್ತಿದ್ದರು. ಕಾದಂಬರಿಯ ಬೋನಿಗೆ ನೀಲಿ ಕಣ್ಣಿರುವುದು ನಿಜ. ಕಣ್ಣಿನ ಬಣ್ಣಕ್ಕೆ ತೋರಿದ ನಿಷ್ಠೆಯನ್ನು ಚರ್ಮದ ಬಣ್ಣಕ್ಕೆ ತೋರಬೇಕೆಂದು ನಿರ್ಮಾಪಕರಿಗೆ ಅನಿಸಲಿಲ್ಲ, ಅಷ್ಟೇ.

ಟೀವಿ ಕೊಡದಿದ್ದುದನ್ನು ರಂಗಭೂಮಿ ಕೊಟ್ಟಿತು, ಅದೂ ದೇಶದ ಅತಿ ಹೆಸರಾಂತ ರಂಗಮಂದಿರದಲ್ಲಿ. 1974ರಲ್ಲಿ ಓಲ್ಡ್ ಟೋಟ್ ತಂಡ ‘ಕ್ರೇಡಲ್ ಆಫ್ ಹರ್ಕ್ಯುಲಿಸ್’ ಆಡಿತು. ಸಿಡ್ನಿಯ ಆಪೆರಾ ಹೌಸ್ ಆಗಷ್ಟೇ ಬಾಗಿಲು ತೆರೆದಿತ್ತು, ಮೊದಲ ಹಂಗಾಮು ಅದು. ಜ್ಯಾಕ್ ಮಾಡಿದ ಪಾತ್ರ ಬೆನೆಲಾಂಗ್‌ನದು. 1788ರಲ್ಲಿ ಬ್ರಿಟಿಷರ ಮೊದಲ ನೌಕಾಪಡೆ ಬಂದಿಳಿದ ಮರುವರ್ಷ ಗವರ್ನರ್ ಫಿಲಿಪ್‌ನ ಆಜ್ಞೆಯಂತೆ ಹಿಡಿದು ತಂದ ಮೂಲನಿವಾಸಿ ಬೆನೆಲಾಂಗ್. ಇಂಗ್ಲಿಷ್ ಕಲಿತ, ಸೂಟು ತೊಟ್ಟ, ದುಭಾಷಿಯಾದ, ಇಂಗ್ಲೆಂಡಿಗೂ ಹೋಗಿಬಂದ. ಗವರ್ನರ್ ಅವನಿಗಾಗಿ ಗುಡಿಸಲು ಕಟ್ಟಿಸಿಕೊಟ್ಟ ಕಡಲಂಚಿನ ನೆಲದ ಹೆಸರು ಬೆನೆಲಾಂಗ್ ಪಾಯಿಂಟ್. ಆಪೆರಾ ಹೌಸ್ ನಿಂತಿರುವುದು ಅದೇ ನೆಲದ ಮೇಲೆ. ಕಿರೀಟದ ಜನ ಎತ್ತಿಕೊಂಡು ಹೋಗಿ ಇಂಗ್ಲಿಷ್ ಕಲಿಸಿದ ಒಬ್ಬನ ಪಾತ್ರವನ್ನು, ಕಿರೀಟದ ಜನ ಎತ್ತಿಕೊಂಡು ಹೋಗಿ ಇಂಗ್ಲಿಷ್ ಕಲಿಸಿದ ಇನ್ನೊಬ್ಬ, ಅವನ ಗುಡಿಸಲಿದ್ದ ಜಾಗದಲ್ಲೇ ನಿಂತು ಆಡಿದ್ದು ಇದು. ಆಗಿನ್ನೂ ತರುಣನಾಗಿದ್ದ ಡೇವಿಡ್ ಗುಲ್ಪಿಲಿಲ್ ಕೂಡ ಆ ತಂಡದಲ್ಲಿದ್ದರು. ‘ವಾಕ್‌ಅಬೌಟ್’ ಸಿನಿಮಾದಿಂದ ಜಗತ್ತಿಗೆ ಪರಿಚಯವಾಗಿದ್ದವರು ಅವರು. ಆ ರಾತ್ರಿಗಳಲ್ಲಿ ಸಿಡ್ನಿಯಲ್ಲಿ ಇರಬೇಕಿತ್ತು ಎಂದು ಹೊಟ್ಟೆಕಿಚ್ಚಾಗುವ ಪ್ರಯೋಗಗಳಲ್ಲಿ ಇದೊಂದು.

ಇಲ್ಲಿಂದ ಮೇಲಕ್ಕೆ ಏರಬೇಕಿತ್ತು. ಹಾಗಾಗಲಿಲ್ಲ. ಪಾತ್ರಗಳು ಬಂದವು. ‘ಬೆನ್ ಹಾಲ್’ ಧಾರಾವಾಹಿ, ಫ್ರೆಡ್ ಸ್ಕೆಪ್ಸಿಯ ‘ದಿ ಚಾಂಟ್ ಆಫ್ ಜಿಮ್ಮಿ ಬ್ಲ್ಯಾಕ್‌ಸ್ಮಿತ್’ ಸಿನಿಮಾ (1978). ಇವುಗಳ ನಡುನಡುವೆ ಜೈಲು. ಒಟ್ಟು ಇಪ್ಪತ್ತೆರಡು ಬಾರಿ ಒಳಗೆ ಹೋಗಿ ಬಂದರು. ರಾತ್ರಿ ಚಪ್ಪಾಳೆ ಗಿಟ್ಟಿಸಿದವನಿಗೆ ಮಲಗಲು ಸೂರಿರಲಿಲ್ಲ. ಹೆರಾಯಿನ್ ಚಟಕ್ಕೆ ಹಣ ಬೇಕು, ಹಣಕ್ಕೆ ಮನೆ ಒಡೆಯಬೇಕು. ಒಡೆಯುತ್ತಿದ್ದದ್ದು ಕ್ಯೂನಂಥ ಸಿರಿವಂತ ಬಡಾವಣೆಗಳ ಮನೆಗಳನ್ನು. ಅದು ನಮ್ಮ ಹಿರಿಯರ ನೆಲ, ನಾನು ಬಾಡಿಗೆ ವಸೂಲಿ ಮಾಡುತ್ತಿದ್ದೆ ಎಂಬುದು ಅವರ ಮೆಚ್ಚಿನ ಚಟಾಕಿ. ಸಭಿಕರು ಗೊಳ್ಳೆಂದು ನಗುತ್ತಿದ್ದರು. ನಾನೂ ನಕ್ಕೆ. ಆಮೇಲೆ, ಬೆಳಿಗ್ಗೆ ಎದ್ದು ಅಜ್ಜಿಯ ಒಡವೆ ಕಾಣದೆ ಕಂಗಾಲಾದ ಮನೆಯವರೂ ಇದ್ದಿರಬೇಕಲ್ಲ ಎನಿಸಿತು. ಜ್ಯಾಕ್‌ಗೂ ಅದು ಗೊತ್ತಿತ್ತು. ತಾನು ಕಳ್ಳ ಎಂಬುದನ್ನು ಅವರು ಎಂದೂ ಸಿಂಗರಿಸಲಿಲ್ಲ. ಅದರ ಪಕ್ಕದಲ್ಲಿ ದೊಡ್ಡ ಕಳವೊಂದನ್ನು ಇಟ್ಟು ತೋರಿಸಿದರು.

ಜೈಲು ಅವರಿಗೆ ಕೊಟ್ಟ ಒಂದು ವಿದ್ಯೆ ಕುಂಬಾರಿಕೆ. ಕಲಿತರು, ಕಲಿಸಿದರು. ಓದು ಬರಹ ಬಾರದ ಸಹಕೈದಿಗಳಿಗೆ ಕಾಗದ ಬರೆದುಕೊಟ್ಟರು. ಹೊರಗೆ ಸಿಗದ ಒಂದು ಸ್ಥಿರತೆ, ಮೂರು ಹೊತ್ತಿನ ಊಟ, ದಿನಚರಿ ಒಳಗೆ ಸಿಗುತ್ತಿತ್ತು. ಆಶ್ರಮದಲ್ಲಿ ಬೆಳೆದ ಮಗುವಿಗೆ ಜೈಲು ಪರಿಚಿತ ಮನೆಯಂತೆ ಕಂಡರೆ ಅದರಲ್ಲಿ ಆಶ್ಚರ್ಯವೇನು?

ತಿರುವು ಸಿಕ್ಕಿದ್ದು ಒಬ್ಬ ಹುಡುಗನಿಂದ. ಅಮಿಯೆಲ್ ಕೋರ್ಟಿನ್ ವಿಲ್ಸನ್ ಎಂಬ ಯುವ ನಿರ್ದೇಶಕ ಕ್ಯಾಮೆರಾ ಹಿಡಿದು ಏಳು ವರ್ಷ ಜ್ಯಾಕ್‌ರ ಹಿಂದೆ ಬಿದ್ದರು. ಹೀಗೆ ಹುಟ್ಟಿದ ‘ಬಾಸ್ಟರ್ಡಿ’ ಸಾಕ್ಷ್ಯಚಿತ್ರ 2008ರಲ್ಲಿ ಹೊರಬಂತು. ಅದರಲ್ಲಿ ಮುಚ್ಚುಮರೆ ಇಲ್ಲ. ಜ್ಯಾಕ್ ಸೂಜಿ ಚುಚ್ಚಿಕೊಳ್ಳುತ್ತಾರೆ, ಬೀದಿಪಾಲಾಗಿ ಅಲ್ಲಿ ಇಲ್ಲಿ ಮಲಗುತ್ತಾರೆ, ತಾನು ಒಡೆದ ಮನೆಗಳ ಬೀದಿಗಳಲ್ಲಿ ಅಡ್ಡಾಡುತ್ತಾ ಮಾತಾಡುತ್ತಾರೆ, ಚಿತ್ರೀಕರಣದ ಮಧ್ಯೆಯೇ ಜೈಲಿಗೂ ಹೋಗಿ ಬರುತ್ತಾರೆ. ಇಂಥ ಚಿತ್ರಗಳ ಬಗ್ಗೆ ನನಗೊಂದು ಅನುಮಾನ ಸದಾ ಇದೆ. ನರಳುವವನ ಮುಂದೆ ಕ್ಯಾಮೆರಾ ಇಟ್ಟು ಕೂತವನ ಕೈ ಎಷ್ಟು ಶುದ್ಧ? ಈ ಚಿತ್ರದಲ್ಲಿ ಆ ಅನುಮಾನ ಅರ್ಧದಾರಿಯಲ್ಲಿ ಸಡಿಲವಾಗುತ್ತದೆ. ಕಾರಣ ನಿರ್ದೇಶಕನ ಸಜ್ಜನಿಕೆಗಿಂತ ಹೆಚ್ಚಾಗಿ ಜ್ಯಾಕ್ ಅವರ ಕಸುಬುದಾರಿಕೆ. ಕ್ಯಾಮೆರಾ ಎಲ್ಲಿದೆ, ಬೆಳಕು ಎಲ್ಲಿಂದ ಬರುತ್ತಿದೆ, ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತು. ಬಲಿಪಶುವಾಗಿ ಅವರು ಅಲ್ಲಿಲ್ಲ. ತನ್ನ ಬದುಕಿನ ಮುಖ್ಯಪಾತ್ರವನ್ನು ಕೊನೆಗೂ ಬೇರೆಯವರಿಗೆ ಬಿಟ್ಟುಕೊಡದ ನಟ ಅವರು. ಚಿತ್ರ ಮುಗಿಯುವ ಹೊತ್ತಿಗೆ ಹೆರಾಯಿನ್‌ನಿಂದ ಹೊರಬಂದಿದ್ದರು. ಮತ್ತೆ ಜೈಲಿಗೆ ಹೋಗಲಿಲ್ಲ.

ಚಿತ್ರ ನೋಡಿದವರಿಗೆ ಜ್ಯಾಕ್ ಯಾರೆಂದು ಗೊತ್ತಾಯಿತು. ಇನ್ನು ಜ್ಯಾಕ್ ತಾವಾಗಿ ಹೇಳಬೇಕಿತ್ತು. ‘ವರ್ಸಸ್ ದಿ ಕ್ರೌನ್’ ನಾಟಕವನ್ನು ಅವರೊಂದಿಗೆ ಕೂತು ಬರೆದವರು ಜಾನ್ ರೊಮೆರಿಲ್, ಪ್ರಾಮ್ ಫ್ಯಾಕ್ಟರಿ ದಿನಗಳ ಒಡನಾಡಿ, ಆಸ್ಟ್ರೇಲಿಯದ ಹೊಸ ನಾಟಕದ ಪ್ರಮುಖರು. ಆಡಿಸಿದ್ದು ಇಲ್ಬಿಜೆರಿ ಎಂಬ ಮೂಲನಿವಾಸಿ ತಂಡ. ನಿರ್ದೇಶಕಿ ರೇಚಲ್ ಮಾಜಾ, ನಿಂಡೆತಾನ ಕಟ್ಟಿದ ಬಾಬ್ ಮಾಜಾ ಅವರ ಮಗಳು. 2000ದಲ್ಲಿ ತೀರಿಕೊಂಡ ಬಾಬ್ ಇದನ್ನು ನೋಡಲಿಲ್ಲ. ನಾಲ್ಕು ದಶಕದ ಹಿಂದೆ ಅಪ್ಪನ ಜೊತೆ ತಂಡ ಕಟ್ಟಿ, ನಡುವೆ ಕಳೆದುಹೋದ ಗೆಳೆಯನನ್ನು ಮಗಳು ಮತ್ತೆ ರಂಗಕ್ಕೆ ಕರೆತಂದು ನಿಲ್ಲಿಸಿದರು.

ನಾಟಕದ ಕಟ್ಟೋಣ ಸರಳ. ಒಬ್ಬ ನಟ, ಜೊತೆಗೆ ಮೂವರು ವಾದ್ಯಗಾರರು, ತಿಗರಿ, ಪರದೆ. ಪರದೆಯ ಮೇಲೆ ಜ್ಯಾಕ್ ಬಗ್ಗೆ ಸರ್ಕಾರ ಬರೆದಿಟ್ಟದ್ದೆಲ್ಲ ಮೂಡುತ್ತದೆ: ವಶಪಡಿಸಿಕೊಂಡ ದಾಖಲೆ, ಪೊಲೀಸರು ತೆಗೆದ ಫೋಟೊಗಳು, ಶಿಕ್ಷೆಗಳ ಪಟ್ಟಿ. ಜ್ಯಾಕ್ ಹಾಡುತ್ತಾರೆ, ಜೋಕು ಹೊಡೆಯುತ್ತಾರೆ, ಕೊನೆಗೆ ನ್ಯಾಯಪೀಠವನ್ನು ಉದ್ದೇಶಿಸಿ ಮಾತಾಡುತ್ತಾರೆ. ಅವರ ಅಹವಾಲು ಬರೀ ಭಾವುಕವಲ್ಲ, ವ್ಯಾವಹಾರಿಕ. ಅಪರಾಧದ ಪಟ್ಟಿ ಹಿಂಬಾಲಿಸುವ ಮನುಷ್ಯನಿಗೆ ಹೊರದೇಶದ ವೀಸಾ ಕಷ್ಟ. ಜೈಲಿನಲ್ಲಿರುವ ತನ್ನ ಜನರ ಹುಡುಗರಿಗೆ ಬುದ್ಧಿ ಹೇಳಲು ಒಳಗೆ ಹೋಗುವುದು ಇನ್ನೂ ಕಷ್ಟ. ಇಪ್ಪತ್ತೆರಡು ಬಾರಿ ಕೈಹಿಡಿದು ಒಳಗೆ ಒಯ್ದವರು, ತಾನಾಗಿ ಬರುತ್ತೇನೆ ಎಂದಾಗ ಬಾಗಿಲು ಹಾಕುತ್ತಾರೆ. ಸಭೆ ಇಲ್ಲಿ ನಗುತ್ತದೆ. ಜ್ಯಾಕ್ ನಗುವುದಿಲ್ಲ.

ಈ ನಾಟಕಕ್ಕಾಗಿ 2012ರಲ್ಲಿ ಹೆಲ್ಪ್‌ಮನ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. ದೇಶದ ಉದ್ದಗಲ ಅದು ತಿರುಗಿತು. ಹೊರದೇಶಕ್ಕೂ ಹೋಯಿತು. ಲಂಡನ್ನಿನಲ್ಲೂ ಆಡಿದರು, ಅಂದರೆ ಪ್ರತಿವಾದಿಯ ಸ್ವಂತ ಊರಲ್ಲಿ. ಇತ್ತ ವಿಕ್ಟೋರಿಯದಲ್ಲಿ ಕಾನೂನು ನಿಧಾನವಾಗಿ ಮಿಸುಕಿತು. ನಿಗದಿತ ವರ್ಷಗಳು ತಪ್ಪಿಲ್ಲದೆ ಕಳೆದರೆ ಹಳೆಯ ಶಿಕ್ಷೆಗಳನ್ನು ದಾಖಲೆಯಿಂದ ಮರೆಮಾಡುವ ಕಾಯ್ದೆ ಉಳಿದೆಲ್ಲ ರಾಜ್ಯಗಳಲ್ಲಿ ಆಗಲೇ ಇತ್ತು. ವಿಕ್ಟೋರಿಯದಲ್ಲಿ ಜಾರಿಗೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಎಲ್ಲರಿಗಿಂತ ಕೊನೆಗೆ.

ಎಪ್ಪತ್ತು ದಾಟಿದ ಮೇಲೆ ಟೀವಿಗೆ ಅವರ ನೆನಪು ಬಂತು. ‘ದಿ ಗಾಡ್ಸ್ ಆಫ್ ವೀಟ್ ಸ್ಟ್ರೀಟ್’, ‘ವುಲ್ಫ್ ಕ್ರೀಕ್’, ‘ಕ್ಲೆವರ್‌ಮನ್’, ಕೊನೆಗಾಲದ ಹಾಸ್ಯ ಸರಣಿ ‘ಪ್ರೆಪರ್ಸ್’ ಹೀಗೆ ಒಂದರ ಹಿಂದೊಂದು. ಇವುಗಳಲ್ಲಿ ‘ಕ್ಲೆವರ್‌ಮನ್’ ಮುಖ್ಯವಾದದ್ದು. ಮೂಲನಿವಾಸಿಗಳ ಪುರಾಣದ ಆಕೃತಿಗಳನ್ನು ಇಂದಿನ ನಗರಕ್ಕೆ ತಂದು ನಿಲ್ಲಿಸಿದ ಮಹಾಶಕ್ತಿ ನಾಯಕನ ಕಥೆ. ಆ ಶಕ್ತಿಯನ್ನು ಮುಂದಿನವನಿಗೆ ದಾಟಿಸಿ ಹೋಗುವ ಹಿರಿಯನಾಗಿ ಜ್ಯಾಕ್ ಕಾಣಿಸಿಕೊಂಡರು. ಪಾತ್ರ ಸಣ್ಣದು, ಆದರೆ ಕಥೆಯೆಲ್ಲ ಅದರಿಂದಲೇ ಹೊರಡುವುದು. ಹಾಲಿವುಡ್ಡಿನ ‘ಪ್ಯಾನ್’ (2015) ಚಿತ್ರದಲ್ಲಿ ಬುಡಕಟ್ಟಿನ ಮುಖಂಡನಾದರು. ಆ ಮುಖಂಡನ ಮಗಳಾಗಿ ನಟಿಸಿದವರು ರೂನಿ ಮಾರಾ ಎಂಬ ಬಿಳಿಯ ನಟಿ. ಅಮೆರಿಕದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಬೋನಿಯಿಂದ ‘ಪ್ಯಾನ್’ವರೆಗೆ ನಾಲ್ಕು ದಶಕ. ಅಷ್ಟರಲ್ಲಿ ಆದ ಪ್ರಗತಿ ಎಂದರೆ ಅಪ್ಪನ ಪಾತ್ರ ಅಪ್ಪನಂಥವನಿಗೆ ಸಿಕ್ಕಿತ್ತು.

ಅದೇ ವರ್ಷದ ಕೊನೆಗೆ ವಿಕ್ಟೋರಿಯ ರಾಜ್ಯದ ವರ್ಷದ ಹಿರಿಯ ನಾಗರಿಕ ಎಂಬ ಗೌರವಕ್ಕೆ ಅವರನ್ನು ಆರಿಸಿದರು. ಸಮಾರಂಭ ಮುಗಿಸಿ ಹೊರಬಂದು ಟ್ಯಾಕ್ಸಿ ಹಿಡಿದರೆ ಚಾಲಕ, ಮೊದಲು ದುಡ್ಡು ಇಡು, ಆಮೇಲೆ ಹೊರಡೋಣ ಎಂದ. ಕೆಲವೇ ತಿಂಗಳಲ್ಲಿ ಇನ್ನೊಮ್ಮೆ ಟ್ಯಾಕ್ಸಿಯಲ್ಲಿ ಅದೇ ಬಗೆಯ ಅವಮಾನ. ಜ್ಯಾಕ್ ಎರಡೂ ಸಲ ಸುಮ್ಮನಿರಲಿಲ್ಲ, ಪತ್ರಿಕೆಗಳಿಗೆ ಹೇಳಿದರು. ಹೆಸರಿಲ್ಲದ ಮೂಲನಿವಾಸಿಗಳಿಗೆ ದಿನಾ ಆಗುವುದನ್ನು ಹೆಸರಿದ್ದವನು ಹೇಳಿದರಷ್ಟೇ ಸುದ್ದಿಯಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು.

‘ಅಂಕಲ್ ಜ್ಯಾಕ್’ ಎಂದೇ ಈಗ ಎಲ್ಲರ ಬಾಯಲ್ಲಿ. ಅಲ್ಲಿನ ಮೂಲನಿವಾಸಿಗಳು ತಮ್ಮ ಹಿರಿಯರಿಗೆ ಕೊಡುವ ಗೌರವ ಅದು. ತಾವು ಸಲಿಂಗಿ ಎಂಬುದನ್ನು ಮುಚ್ಚಿಡದೆ ಬದುಕಿದ ಹಿರಿಯ ಅವರು. ಗಾಯಕ ಆರ್ಚಿ ರೋಚ್ ಜೊತೆ ಬಾಲಬಂಧನ ಕೇಂದ್ರಗಳಿಗೆ ಹೋಗಿ ಹುಡುಗರ ಪಕ್ಕದಲ್ಲಿ ಕೂತರು. ರೋಚ್ ಕೂಡ ಕದ್ದೊಯ್ದ ತಲೆಮಾರಿನವರೇ. 2019ರಲ್ಲಿ ಆತ್ಮಕಥೆ ‘ಬಾರ್ನ್-ಅಗೇನ್ ಬ್ಲ್ಯಾಕ್‌ಫೆಲಾ’ ಬಂತು, ಮೂಲನಿವಾಸಿ ಕಲಾವಿದರ ಜೀವಮಾನ ಸಾಧನೆಗೆ ಕೊಡುವ ರೆಡ್ ಓಕರ್ ಪ್ರಶಸ್ತಿಯೂ ಬಂತು. ಆದರೂ ಅಪ್ಪ ಯಾರು ಎಂಬ ಒಂದು ಖಾನೆ ಖಾಲಿಯೇ ಇತ್ತು. ಅದನ್ನು ತುಂಬಿದ್ದು ಟೀವಿ. ವಂಶದ ಬೇರು ಹುಡುಕಿಕೊಡುವ ಕಾರ್ಯಕ್ರಮವೊಂದು 2021ರಲ್ಲಿ ಅವರ ತಂದೆ ವಿರಾಜುರಿ ಸಮುದಾಯದ ಹಿಲ್ಟನ್ ವಾಲ್ಶ್ ಎಂದು ಪತ್ತೆಮಾಡಿತು. ಟಾಸ್ಮೇನಿಯದ ಪ್ರಸಿದ್ಧ ನಾಯಕ ಮನ್ನಲಾರ್ಗೆನ್ನನ ರಕ್ತವೂ ಅವರಲ್ಲಿದೆ ಎಂದು ತಿಳಿಯಿತು. ಆಗ ಜ್ಯಾಕ್‌ಗೆ ಎಪ್ಪತ್ತೇಳು. ಸರ್ಕಾರದ ಅಷ್ಟು ದಪ್ಪ ಕಡತದಲ್ಲಿ ಯಾರೂ ಬರೆಯದ ಸಂಗತಿ ಇದು.

2011ರಲ್ಲಿ ಅವರು ‘ಕೊರಾಂಡರ್ಕ್’ ಎಂಬ ನಾಟಕದಲ್ಲಿ ನಟಿಸಿದ್ದರು. ಮೆಲ್ಬರ್ನ್ ಬಳಿಯ ಕೊರಾಂಡರ್ಕ್ ವಸತಿಯ ಮೂಲನಿವಾಸಿಗಳು ತಮ್ಮ ಜಮೀನು ಉಳಿಸಿಕೊಳ್ಳಲು ಹೋರಾಡಿದಾಗ 1881ರಲ್ಲಿ ಸರ್ಕಾರ ವಿಚಾರಣೆ ನಡೆಸಿತು. ಅಂದಿನ ಸಾಕ್ಷಿಗಳ ಮಾತುಗಳನ್ನು ವರದಿಯಿಂದ ಹಾಗೆಹಾಗೇ ಎತ್ತಿ ಮಾಡಿದ ನಾಟಕ ಅದು. 2022ರ ಏಪ್ರಿಲ್‌ನಲ್ಲಿ ಅವರೇ ಸಾಕ್ಷಿಯಾದರು. ವಸಾಹತು ಕಾಲದಿಂದ ನಡೆದ ಅನ್ಯಾಯಗಳನ್ನು ದಾಖಲಿಸಲು ವಿಕ್ಟೋರಿಯ ನೇಮಿಸಿದ ಯೂರೂಕ್ ನ್ಯಾಯ ಆಯೋಗ ಸಾರ್ವಜನಿಕ ವಿಚಾರಣೆ ಆರಂಭಿಸಿತು. ಆಸ್ಟ್ರೇಲಿಯದಲ್ಲಿ ಇಂಥದ್ದು ಇದೇ ಮೊದಲು. ಮೊದಲ ಸಾಕ್ಷಿ ಜ್ಯಾಕ್ ಚಾರ್ಲ್ಸ್. ಸ್ಥಳ ಅದೇ ಫಿಟ್ಜ್‌ರಾಯ್, ಹದಿನೇಳರ ಹುಡುಗನಿಗೆ ಅವನ ತಾಯಿಯ ಹೆಸರು ಹೇಳಿದ ಬಡಾವಣೆ. ರಂಗದ ಮೇಲೆ ನೂರಾರು ಸಲ ಹೇಳಿದ್ದನ್ನೇ ಇಲ್ಲಿ ಹೇಳಿದರು. ವ್ಯತ್ಯಾಸ ಇಷ್ಟೇ, ಈ ಸಲ ಸರ್ಕಾರದ ಲಿಪಿಕಾರರು ಅವರು ಹೇಳಿದಂತೆ ಬರೆದುಕೊಂಡರು.

ಆ ವರ್ಷದ ಸೆಪ್ಟೆಂಬರ್ 8ರಂದು ರಾಣಿ ಎರಡನೆಯ ಎಲಿಜಬೆತ್ ನಿಧನರಾದರು. ಆಸ್ಟ್ರೇಲಿಯದ ಟೀವಿ ವಾಹಿನಿಗಳು ಹಗಲಿರುಳು ಲಂಡನ್ನಿನತ್ತ ಮುಖಮಾಡಿದ್ದವು. ಐದು ದಿನಗಳ ಬಳಿಕ, ಸೆಪ್ಟೆಂಬರ್ 13ರಂದು, ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ಜ್ಯಾಕ್ ಚಾರ್ಲ್ಸ್ ಮೆಲ್ಬರ್ನ್‌ನಲ್ಲಿ ಕೊನೆಯುಸಿರೆಳೆದರು. ವಾದಿಯೂ ಪ್ರತಿವಾದಿಯೂ ಒಂದೇ ವಾರದಲ್ಲಿ ತೀರಿಕೊಂಡ ಮೊಕದ್ದಮೆ ಇದು. ಇಂಥ ಕಾಕತಾಳೀಯವನ್ನು ನಾಟಕದಲ್ಲಿ ತಂದರೆ ಯಾವ ನಿರ್ದೇಶಕನೂ ಒಪ್ಪಲಾರ.

ತೀರಿಹೋದವರ ಹೆಸರು ಹೇಳುವುದು, ಚಿತ್ರ ತೋರಿಸುವುದು ಅಲ್ಲಿನ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ನಿಷಿದ್ಧ. ಜ್ಯಾಕ್ ಅವರ ಕುಟುಂಬ ಎರಡಕ್ಕೂ ಅನುಮತಿ ಕೊಟ್ಟಿತು. ಅಕ್ಟೋಬರ್ 18ರಂದು ಮೆಲ್ಬರ್ನ್‌ನ ಹೇಮರ್ ಹಾಲ್‌ನಲ್ಲಿ ಸಕಲ ಸರ್ಕಾರಿ ಗೌರವದೊಂದಿಗೆ ವಿದಾಯ ಸಭೆ ನಡೆಯಿತು. ಅದೂ ಒಂದು ರಂಗಮಂದಿರವೇ. ಪ್ರೇಕ್ಷಕರ ಸಾಲಿನಲ್ಲಿ ಈ ಬಾರಿ ಸರ್ಕಾರವೂ ಕೂತಿತ್ತು.